ನೆಲ ಸಿಗದ ನೀರಿನಲ್ಲಿ ಹದಿನಾರು ವರ್ಷ

ವಾಟರ್ ಪೋಲೊ ಆಟವನ್ನು ಒಮ್ಮೆಯೂ ನೋಡದವರು ಕೂಡ ಒಂದು ಫೋಟೊ ನೋಡಿರುತ್ತಾರೆ. ಕಪ್ಪು ಬಿಳುಪಿನ ಚಿತ್ರ. ನೀರಿನಿಂದ ಆಗಷ್ಟೇ ಎದ್ದು ಬಂದ ಹುಡುಗ. ಕಣ್ಣಿನ ಕೆಳಗೆ ಚರ್ಮ ಸೀಳಿದೆ, ರಕ್ತ ಮುಖದ ಮೇಲೆ ಹರಿದಿದೆ. ಅವನ ಹೆಸರು ಎರ್ವಿನ್ ಜಾದೋರ್. ಊರು ಮೆಲ್ಬರ್ನ್, ದಿನ 1956ರ ಡಿಸೆಂಬರ್ 6, ಪಂದ್ಯ ಹಂಗೇರಿ ಮತ್ತು ಸೋವಿಯತ್ ಒಕ್ಕೂಟದ ನಡುವಿನದ್ದು. ಹಂಗೇರಿ 4-0ಯಿಂದ ಗೆದ್ದ ಆ ಪಂದ್ಯವನ್ನು ಜಗತ್ತು ಇವತ್ತಿಗೂ ನೀರಿನಲ್ಲಿ ರಕ್ತ ಹರಿದ ಪಂದ್ಯ ಎಂದೇ ಕರೆಯುತ್ತದೆ.

ಆ ಚಿತ್ರ ಎಷ್ಟು ಬಲವಾದದ್ದು ಅಂದರೆ ಅದರ ಹಿಂದೆ ಮುಂದೆ ನಡೆದದ್ದನ್ನೆಲ್ಲ ಮುಚ್ಚಿಬಿಟ್ಟಿದೆ. ಅವತ್ತು ಹಂಗೇರಿ ತಂಡದ ನಾಯಕನಾಗಿದ್ದವನು ಡೆಜೊ ಗ್ಯಾರ್ಮತಿ. 1948ರ ಲಂಡನ್‌ನಲ್ಲಿ ಬೆಳ್ಳಿ. 1952ರ ಹೆಲ್ಸಿಂಕಿಯಲ್ಲಿ ಚಿನ್ನ. 1956ರ ಮೆಲ್ಬರ್ನ್‌ನಲ್ಲಿ ಚಿನ್ನ. 1960ರ ರೋಮ್‌ನಲ್ಲಿ ಕಂಚು. 1964ರ ಟೋಕಿಯೊದಲ್ಲಿ ಮತ್ತೆ ಚಿನ್ನ. ಹೋದ ಐದೂ ಒಲಿಂಪಿಕ್ಸ್‌ನಿಂದ ಪದಕ ತಂದವನು. ಪುರುಷರ ವಾಟರ್ ಪೋಲೊದಲ್ಲಿ ಐದು ಒಲಿಂಪಿಕ್ ಪದಕ ಬೇರೆ ಯಾರ ಕೊರಳಿಗೂ ಬಿದ್ದಿಲ್ಲ. ಆದರೂ ನಮ್ಮ ಕಡೆ ಅವನ ಹೆಸರು ಕೇಳಿದವರು ಕಡಿಮೆ. ಇದು ನನಗೆ ಬೇಸರ ತರುವ ವಿಷಯ. ಒಂದು ಸಂಜೆಯ ರಕ್ತಕ್ಕಿಂತ ಹದಿನಾರು ವರ್ಷದ ಆಟ ದೊಡ್ಡದು ಎಂದು ನಾನು ನಂಬುತ್ತೇನೆ. ಅದಕ್ಕೇ ಈ ಬರಹ.

ಮೊದಲು ಆಟದ ಬಗ್ಗೆ ಒಂದಿಷ್ಟು ಹೇಳಬೇಕು. ಒಂದೊಂದು ತಂಡದಲ್ಲಿ ಏಳು ಜನ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಗಂಡಸರ ಅಂಗಳದ ಉದ್ದ ಬಹಳ ಕಾಲ ಸುಮಾರು 30 ಮೀಟರ್ ಇತ್ತು. ಗೋಲ್‌ಕೀಪರ್ ಬಿಟ್ಟರೆ ಬೇರೆ ಯಾರೂ ಎರಡೂ ಕೈಯಲ್ಲಿ ಚೆಂಡು ಮುಟ್ಟುವಂತಿಲ್ಲ. ಒಂದೇ ಕೈಯಲ್ಲಿ ಹಿಡಿಯಬೇಕು, ಒಂದೇ ಕೈಯಲ್ಲಿ ಎಸೆಯಬೇಕು. ಎಲ್ಲಕ್ಕಿಂತ ಕಠಿಣವಾದದ್ದು, ಕೊಳದ ತಳಕ್ಕೆ ಕಾಲೂರುವಂತಿಲ್ಲ. ಅಂಚು ಹಿಡಿದು ದಣಿವಾರಿಸಿಕೊಳ್ಳುವಂತೆಯೂ ಇಲ್ಲ. ಸೊಂಟದಿಂದ ಮೇಲಿನ ಮೈ ಹ್ಯಾಂಡ್‌ಬಾಲ್ ಆಡುತ್ತಿದ್ದರೆ, ಕೆಳಗೆ ಎರಡೂ ಕಾಲುಗಳು ಮಜ್ಜಿಗೆ ಕಡೆಯುವ ಕಡೆಗೋಲಿನ ಹಾಗೆ ಒಂದು ಕ್ಷಣವೂ ಬಿಡದೆ ತಿರುಗುತ್ತಿರಬೇಕು. ಅದರ ಮೇಲೆ ಎದುರಾಳಿಯ ತೋಳು, ಮೊಣಕೈ, ಮಂಡಿ. ನೀರಿನ ಮೇಲೆ ನಡೆಯುವುದು ರೆಫರಿಗೆ ಕಾಣುತ್ತದೆ. ನೀರಿನ ಕೆಳಗೆ ನಡೆಯುವುದು ಹೆಚ್ಚಾಗಿ ಆಟಗಾರರಿಗೆ ಮಾತ್ರ ಗೊತ್ತು.

ನಾನು ಈಜು ಕಲಿತದ್ದು ಬಾವಿಯಲ್ಲಿ. ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ದೊಡ್ಡವರು ಮೇಲಿಂದ ನೂಕಿಬಿಡುತ್ತಿದ್ದರು. ನೆಲ ಸಿಗದ ನೀರು ಏನು ಅನ್ನುವುದು ಬಾವಿಯಲ್ಲಿ ಈಜಿದವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಸುಸ್ತಾದರೆ ಕಲ್ಲಿನ ಮೆಟ್ಟಿಲು ಹಿಡಿಯಬಹುದು, ಅದೊಂದೇ ಧೈರ್ಯ. ಆ ಮೆಟ್ಟಿಲೂ ಇಲ್ಲದೆ, ಹೆಗಲ ಮೇಲೆ ಇನ್ನೊಬ್ಬ ಗಂಡಾಳಿನ ಭಾರ ಹೊತ್ತು, ಕೈ ಮೇಲೆತ್ತಿ ಗುರಿ ಇಟ್ಟು ಚೆಂಡು ಎಸೆಯುವುದೆಂದರೆ! ನಾನು ಈ ಆಟ ನೋಡುವಾಗ ಚೆಂಡಿಗಿಂತ ಜಾಸ್ತಿ ಆಟಗಾರರ ಹೆಗಲುಗಳನ್ನೇ ನೋಡುತ್ತೇನೆ. ಹೆಗಲು ನೀರಿನಿಂದ ಎಷ್ಟು ಮೇಲಿದೆ ಅನ್ನುವುದರಲ್ಲೇ ಕಾಲಿನ ಕಸುವು ಗೊತ್ತಾಗುತ್ತದೆ. ಪಂದ್ಯ ಮುಗಿಯುತ್ತಾ ಬಂದ ಹಾಗೆ ಒಬ್ಬೊಬ್ಬರ ಹೆಗಲೂ ಇಳಿಯುತ್ತಾ ಹೋಗುತ್ತದೆ. ಯಾರದ್ದು ಇಳಿಯುವುದಿಲ್ಲವೋ ಅವರೇ ಗೆಲ್ಲುತ್ತಾರೆ.

ಗ್ಯಾರ್ಮತಿ ಹುಟ್ಟಿದ್ದು 1927ರ ಅಕ್ಟೋಬರ್ 23ರಂದು, ಹಂಗೇರಿಯ ಮಿಶ್ಕೋಲ್ಟ್‌ನಲ್ಲಿ. ಹಂಗೇರಿಗೆ ಸಮುದ್ರವಿಲ್ಲ. ಮೊದಲ ಮಹಾಯುದ್ಧದ ನಂತರ ಆದ ಒಪ್ಪಂದದಲ್ಲಿ ಅದರ ನೆಲದ ಬಹುಭಾಗ ಹೋಯಿತು, ಫಿಯೂಮೆ ಎಂಬ ಬಂದರೂ ಹೋಯಿತು. ಆದರೆ ಆ ದೇಶದ ನೆಲದ ಅಡಿಯಿಂದ ಬಿಸಿನೀರು ಉಕ್ಕುತ್ತದೆ. ಬುಡಾಪೆಸ್ಟ್ ಅಂದರೆ ಸ್ನಾನಗೃಹಗಳ ಊರು. ಚಳಿಗಾಲದಲ್ಲೂ ಬಯಲಿನ ಕೊಳಕ್ಕೆ ಇಳಿಯಬಹುದು. ಡ್ಯಾನ್ಯೂಬ್ ನದಿಯ ನಡುವೆ ಇರುವ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ಒಂದು ಈಜುಕೊಳ ಕಟ್ಟಿದರು. ಅದನ್ನು ವಿನ್ಯಾಸ ಮಾಡಿದವನು ಆಲ್ಫ್ರೆಡ್ ಹಾಯೋಶ್. ಆಧುನಿಕ ಒಲಿಂಪಿಕ್ಸ್‌ನ ಮೊಟ್ಟಮೊದಲ ಈಜು ಚಾಂಪಿಯನ್ ಅವನು, 1896ರಲ್ಲಿ ಅಥೆನ್ಸ್‌ನಲ್ಲಿ ಗೆದ್ದವನು. ಈಜಿ ಗೆದ್ದವನೇ ಮುಂದೆ ವಾಸ್ತುಶಿಲ್ಪಿಯಾಗಿ ಈಜುವವರಿಗೆ ಕೊಳ ಕಟ್ಟಿಕೊಟ್ಟ.

ವಾಟರ್ ಪೋಲೊಗೆ ಅಲ್ಲಿ ಬುನಾದಿ ಹಾಕಿದವನು ಬೇಲಾ ಕೊಮ್ಯಾದಿ ಎಂಬ ಕೋಚ್. ಚೆಂಡನ್ನು ನೀರಿಗೆ ಬೀಳಿಸದೆ, ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವ ಆಟವನ್ನು ತನ್ನ ಹುಡುಗರಿಗೆ ಕಲಿಸಿದ. 1932ರಲ್ಲಿ ಹಂಗೇರಿ ಮೊದಲ ಚಿನ್ನ ಗೆದ್ದಿತು. ಮರುವರ್ಷವೇ ಕೊಮ್ಯಾದಿ ತೀರಿಹೋದ. 1936ರಲ್ಲಿ ಮತ್ತೆ ಚಿನ್ನ ಬಂತು. ಆ ಎರಡೂ ತಂಡಗಳಲ್ಲಿ ಒಲಿವರ್ ಹಲಾಶಿ ಇದ್ದ. ಚಿಕ್ಕವನಿದ್ದಾಗಲೇ ಅಪಘಾತದಲ್ಲಿ ಒಂದು ಕಾಲನ್ನು ಮಂಡಿಯ ಕೆಳಗೆ ಕಳೆದುಕೊಂಡವನು. ಕಾಲಿನ ಕಸುವೇ ಎಲ್ಲವೂ ಆಗಿರುವ ಆಟದಲ್ಲಿ ಒಂದೂವರೆ ಕಾಲಿನಲ್ಲಿ ಎರಡು ಚಿನ್ನ, ಒಂದು ಬೆಳ್ಳಿ. ಅವನ ಬಗ್ಗೆಯೇ ಬೇರೆ ಬರೆಯಬೇಕು, ಇನ್ನೊಮ್ಮೆ ಬರೆಯುತ್ತೇನೆ.

ಇಂಥ ಊರಿನಲ್ಲಿ, ಇಂಥವರ ನಂತರ ಬಂದವನು ಗ್ಯಾರ್ಮತಿ. ಅವನ ಆಟದಲ್ಲಿ ಎರಡು ವಿಶೇಷ ಇದ್ದವು. ಎಡಗೈ ಬಲಗೈ ಎರಡರಲ್ಲೂ ಒಂದೇ ಹದದಲ್ಲಿ ಎಸೆಯುತ್ತಿದ್ದ. ವಾಟರ್ ಪೋಲೊದಲ್ಲಿ ಇದು ಸಣ್ಣ ಮಾತಲ್ಲ. ಎದುರಾಳಿ ನಿಮ್ಮ ಎಸೆಯುವ ಕೈಯ ಕಡೆಗೇ ಬಂದು ಅಂಟಿಕೊಳ್ಳುತ್ತಾನೆ. ಎಸೆಯುವ ಕೈ ಯಾವುದು ಅಂತಲೇ ಗೊತ್ತಾಗದಿದ್ದರೆ ಅವನು ಯಾವ ಕಡೆ ಬರಬೇಕು? ಗ್ಯಾರ್ಮತಿ ಮುಂದೆ ಆಡಿದ, ಹಿಂದೆ ಆಡಿದ, ಎಡಬದಿ ಬಲಬದಿ ಎಲ್ಲ ಕಡೆ ಆಡಿದ. ಎಲ್ಲಿ ಕೊರತೆಯೋ ಅಲ್ಲಿಗೆ ಅವನು.

ಎರಡನೆಯದು ವೇಗ. ಅವನ ಕಾಲದ ವಾಟರ್ ಪೋಲೊ ಆಟಗಾರರಲ್ಲಿ ಅತಿ ವೇಗದ ಈಜುಗಾರ ಅವನೇ ಎನ್ನುತ್ತಿದ್ದರು. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವನ ಸಮಯ 58.5 ಸೆಕೆಂಡ್. ಇದರ ಅರ್ಥ ತಿಳಿಯಬೇಕಾದರೆ ಇನ್ನೊಂದು ಅಂಕಿ ನೋಡಿ. 1952ರ ಹೆಲ್ಸಿಂಕಿಯಲ್ಲಿ ಅಮೆರಿಕದ ಕ್ಲಾರ್ಕ್ ಸ್ಕೋಲ್ಸ್ ಆ ಸ್ಪರ್ಧೆಯ ಚಿನ್ನ ಗೆದ್ದದ್ದು 57.4 ಸೆಕೆಂಡಿನಲ್ಲಿ. ಅಂದರೆ ಬರೀ ಈಜನ್ನೇ ಬದುಕು ಮಾಡಿಕೊಂಡ ಒಲಿಂಪಿಕ್ ಚಾಂಪಿಯನ್‌ಗೂ, ಚೆಂಡಿನ ಹಿಂದೆ ಓಡಾಡುವ ಈ ಮನುಷ್ಯನಿಗೂ ಇದ್ದ ಅಂತರ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕಾಲವೂ ಅವನಿಗೆ ಒದಗಿ ಬಂತು. ಲಂಡನ್ ಒಲಿಂಪಿಕ್ಸ್‌ವರೆಗೂ ಒಂದು ಹಳೆಯ ನಿಯಮ ಇತ್ತು. ರೆಫರಿ ವಿಶಲ್ ಊದಿದ ಕೂಡಲೇ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಚೆಂಡು ಮತ್ತೆ ಆಟಕ್ಕೆ ಬರುವ ತನಕ ಕದಲಬಾರದು. ಭಾರೀ ಮೈಯವರಿಗೆ, ಒಂದೇ ಕಡೆ ನಿಂತು ಎಸೆಯುವವರಿಗೆ ಅನುಕೂಲವಾದ ಆಟ ಅದು. ಲಂಡನ್ ಆದಮೇಲೆ ಆ ನಿಯಮ ಹೋಯಿತು. ವಿಶಲ್ ಊದಿದರೂ ಈಜುತ್ತಲೇ ಇರಬಹುದು ಅಂತಾಯಿತು. ನಿಂತ ಆಟ ಓಡುವ ಆಟವಾಯಿತು. ವೇಗದ ಈಜುಗಾರನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಮುಂದಿನ ವರ್ಷಗಳಲ್ಲಿ ಚೆಂಡೂ ಬದಲಾಯಿತು. ನೀರು ಕುಡಿದು ಕುಡಿದು ಭಾರವಾಗುತ್ತಿದ್ದ ಚರ್ಮದ ಚೆಂಡಿನ ಬದಲು ರಬ್ಬರ್ ಚೆಂಡು ಬಂತು. ಒಬ್ಬನೇ ಮನುಷ್ಯ ಒಂದೇ ಆಟವನ್ನು ಎರಡು ಮೂರು ರೂಪದಲ್ಲಿ ಆಡಬೇಕಾಯಿತು, ಆಡಿದ.

ಲಂಡನ್‌ನಲ್ಲಿ ಇಟಲಿ ಚಿನ್ನ ಗೆದ್ದಿತು, ಹಂಗೇರಿಗೆ ಬೆಳ್ಳಿ. ಗ್ಯಾರ್ಮತಿಗೆ ಆಗ ಇನ್ನೂ ಇಪ್ಪತ್ತು ವರ್ಷ. ನಮ್ಮವರಿಗೆ ಗೊತ್ತಿರಲಿ ಅಂತ ಇಲ್ಲೊಂದು ಮಾತು ಹೇಳುತ್ತೇನೆ. ಅದೇ ಲಂಡನ್‌ನಲ್ಲಿ ಭಾರತದ ವಾಟರ್ ಪೋಲೊ ತಂಡವೂ ಇತ್ತು. ಚಿಲಿಯನ್ನು 7-4ರಿಂದ ಸೋಲಿಸಿತ್ತು ಕೂಡ. ಆ ತಂಡದಲ್ಲಿದ್ದ ಸಚಿನ್ ನಾಗ್ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ ವಾಟರ್ ಪೋಲೊ ಚಿನ್ನವೂ ನಮ್ಮದೇ. 1952ರ ಹೆಲ್ಸಿಂಕಿಗೂ ನಮ್ಮ ತಂಡ ಹೋಗಿತ್ತು. ಆಮೇಲೆ ಒಲಿಂಪಿಕ್ ವಾಟರ್ ಪೋಲೊದಲ್ಲಿ ಭಾರತ ಕಾಣಲಿಲ್ಲ. ಕೊಳಗಳಿಲ್ಲದೆ ಈ ಆಟ ಇಲ್ಲ. ಅಷ್ಟೇ ಕಾರಣ ಅನಿಸುತ್ತದೆ ನನಗೆ.

ಹೆಲ್ಸಿಂಕಿ ಹಂಗೇರಿಯ ಸುವರ್ಣಕಾಲ. ಒಂದು ಕೋಟಿಗೂ ಕಡಿಮೆ ಜನರ ದೇಶ 16 ಚಿನ್ನ ಗೆದ್ದು ಪದಕ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಬಂತು. ಹೆಂಗಸರ ಈಜಿನ ಐದು ಚಿನ್ನಗಳಲ್ಲಿ ನಾಲ್ಕು ಅವರಿಗೇ. ಅದರಲ್ಲೊಂದು, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ, ಏವಾ ಸೇಕೆಯ್‌ಳದ್ದು. ಅವಳು ಗ್ಯಾರ್ಮತಿಯ ಹೆಂಡತಿ.

ಏವಾಳ ಕಥೆ ಹೇಳದೆ ಗ್ಯಾರ್ಮತಿಯ ಕಥೆ ಪೂರ್ತಿ ಆಗುವುದಿಲ್ಲ. ಅವಳು ಯಹೂದಿ. ಯುದ್ಧದ ಕಾಲದಲ್ಲಿ, ಇನ್ನೂ ಹದಿಹರೆಯದಲ್ಲೇ, ಅದೇ ಕಾರಣಕ್ಕೆ ಅವಳನ್ನು ಸ್ಪರ್ಧೆಗಳಿಂದ ಹೊರಗಿಟ್ಟರು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬುಡಾಪೆಸ್ಟ್‌ನಲ್ಲಿ ಸ್ವಿಸ್ ರಕ್ಷಣೆಯಲ್ಲಿದ್ದ ಒಂದು ಮನೆಯಲ್ಲಿ, ಕಾಲು ಚಾಚಲೂ ಜಾಗವಿಲ್ಲದಷ್ಟು ಜನರ ನಡುವೆ ಅಡಗಿ ಬದುಕಿದಳು. ನೀರಿಲ್ಲ, ಕೊಳವಿಲ್ಲ. ಆದರೂ ಮೈ ಜಡ್ಡುಗಟ್ಟಬಾರದು ಅಂತ ದಿನಾ ಆ ಕಟ್ಟಡದ ಐದು ಮಹಡಿಯ ಮೆಟ್ಟಿಲನ್ನು ನೂರು ಸಲ ಹತ್ತಿ ಇಳಿಯುತ್ತಿದ್ದಳು. ಹೊರಗೆ ಬೀದಿಯಲ್ಲಿ ಜನರನ್ನು ಹಿಡಿದುಕೊಂಡು ಹೋಗಿ ಡ್ಯಾನ್ಯೂಬ್ ದಂಡೆಯಲ್ಲಿ ಗುಂಡಿಕ್ಕುತ್ತಿದ್ದ ಕಾಲ ಅದು. ಒಳಗೆ ಒಬ್ಬ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಾಳೆ, ಮುಂದೆಂದೋ ನಡೆಯಬಹುದಾದ ಒಂದು ಈಜು ಸ್ಪರ್ಧೆಗಾಗಿ. ಲಂಡನ್‌ನಲ್ಲಿ ಅವಳು ನಾಲ್ಕನೆಯವಳಾದಳು. ಹೆಲ್ಸಿಂಕಿಯಲ್ಲಿ ಗೆದ್ದಳು. 1954ರಲ್ಲಿ ಅವರಿಗೆ ಆಂಡ್ರಿಯಾ ಎಂಬ ಮಗಳು ಹುಟ್ಟಿದಳು. ಅದೇ ವರ್ಷ ಟ್ಯೂರಿನ್‌ನಲ್ಲಿ ಹಂಗೇರಿ ಯುರೋಪಿಯನ್ ಚಾಂಪಿಯನ್ ಆಯಿತು.

ಹಂಗೇರಿಯ ಈಜುಕೊಳದ ಲೋಕವೇ ಹಾಗೆ, ಎಲ್ಲರೂ ಒಬ್ಬರಿಗೊಬ್ಬರು ನೆಂಟರು. ಹೆಲ್ಸಿಂಕಿಯಲ್ಲಿ ಎರಡು ಚಿನ್ನ ಗೆದ್ದ ಕತಲಿನ್ ಸ್ಯೋಕೆಯ ಗಂಡ ಕಾಲ್ಮನ್ ಮಾರ್ಕೊವಿಟ್ಸ್, ಗ್ಯಾರ್ಮತಿಯ ತಂಡದವನು. ಕತಲಿನ್‌ಳ ತಂದೆ ಮಾರ್ಟನ್ ಹೊಮೊನ್ನಾಯ್ 1932 ಮತ್ತು 1936ರ ವಾಟರ್ ಪೋಲೊ ಚಿನ್ನದ ತಂಡಗಳಲ್ಲಿ ಇದ್ದವನು.

1956ರ ಅಕ್ಟೋಬರ್ 23. ಗ್ಯಾರ್ಮತಿಗೆ 29 ತುಂಬಿದ ದಿನ. ತಂಡ ಬುಡಾಪೆಸ್ಟ್‌ಗೆ ಹತ್ತಿರದ ಬೆಟ್ಟದ ಮೇಲೆ ಒಲಿಂಪಿಕ್ಸ್ ತರಬೇತಿ ಶಿಬಿರದಲ್ಲಿತ್ತು. ಕೆಳಗೆ ಊರಿನಲ್ಲಿ ಸೋವಿಯತ್ ಹಿಡಿತದ ವಿರುದ್ಧ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ರಾತ್ರಿ ಹೊತ್ತಿಗೆ ಸ್ಟಾಲಿನ್ ಪ್ರತಿಮೆ ಉರುಳಿತು, ಗುಂಡಿನ ಸದ್ದು ಶುರುವಾಯಿತು. ಬೆಟ್ಟದ ಮೇಲಿದ್ದವರಿಗೆ ಸದ್ದು ಕೇಳುತ್ತಿತ್ತು, ಹೊಗೆ ಕಾಣುತ್ತಿತ್ತು. ತಂಡವನ್ನು ಅಲ್ಲಿಂದ ಚೆಕೊಸ್ಲೊವಾಕಿಯಾಗೆ ಸಾಗಿಸಿದರು. ಕೆಲವು ದಿನ ದೇಶ ಗೆದ್ದಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಮತ್ತೆ ಬುಡಾಪೆಸ್ಟ್‌ಗೆ ನುಗ್ಗಿದವು. ಸುಮಾರು 2,500 ಹಂಗೇರಿಯನ್ನರು ಸತ್ತರು. ಸುಮಾರು ಎರಡು ಲಕ್ಷ ಜನ ಗಡಿ ದಾಟಿ ಓಡಿದರು. ಆಟಗಾರರಿಗೆ ಇದರ ಪೂರ್ಣ ಸುದ್ದಿ ಸಿಕ್ಕಿದ್ದು ಆಸ್ಟ್ರೇಲಿಯಾ ಮುಟ್ಟಿದ ಮೇಲೆ. ಸೋವಿಯತ್ ದಾಳಿಯನ್ನು ಪ್ರತಿಭಟಿಸಿ ಸ್ಪೇನ್, ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡ್ ಆ ಒಲಿಂಪಿಕ್ಸ್ ಅನ್ನೇ ಬಹಿಷ್ಕರಿಸಿದವು. ದಾಳಿಗೆ ಒಳಗಾದ ಹಂಗೇರಿ ಮಾತ್ರ ಆಡಿತು.

ಗ್ಯಾರ್ಮತಿ ಮತ್ತು ಏವಾ ಇಬ್ಬರೂ ಮೆಲ್ಬರ್ನ್‌ನಲ್ಲಿ. ಎರಡು ವರ್ಷದ ಮಗಳು ಟ್ಯಾಂಕುಗಳಿದ್ದ ಊರಿನಲ್ಲಿ. ಈಗಿನ ಹಾಗೆ ವಿಡಿಯೊ ಕಾಲ್ ಮಾಡಿ ಮಗು ಮುಖ ನೋಡುವ ಕಾಲವೇ ಅದು? ಏವಾ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಆದರೂ ನೀರಿಗಿಳಿದು ಬೆಳ್ಳಿ ಗೆದ್ದಳು. ಚಿನ್ನ ಜರ್ಮನಿಯ ಉರ್ಸುಲಾ ಹಾಪೆಗೆ ಹೋಯಿತು. ಆ ಬೆಳ್ಳಿಯನ್ನು ನಾನು ಯಾವ ಚಿನ್ನಕ್ಕೂ ಕಡಿಮೆ ಅನ್ನಲಾರೆ.

ಇನ್ನು ಡಿಸೆಂಬರ್ 6ರ ಪಂದ್ಯ. ಬಹಳ ಕಡೆ ಇದನ್ನು ಸೆಮಿಫೈನಲ್ ಎಂದು ಬರೆಯುತ್ತಾರೆ. ನಿಜಕ್ಕೂ ಅದು ಆರು ತಂಡಗಳ ಕೊನೆಯ ಸುತ್ತಿನ ಒಂದು ಪಂದ್ಯ. ಆ ಸುತ್ತಿನಲ್ಲಿ ಎಲ್ಲರೂ ಎಲ್ಲರ ಜೊತೆ ಆಡಬೇಕಿತ್ತು. ಪ್ರೇಕ್ಷಕರಲ್ಲಿ ಆಸ್ಟ್ರೇಲಿಯಾಗೆ ವಲಸೆ ಬಂದ ಹಂಗೇರಿಯನ್ನರೇ ತುಂಬಿದ್ದರು. ಹಂಗೇರಿ ಆಟಗಾರರು ಶಾಲೆಯಲ್ಲಿ ಕಡ್ಡಾಯವಾಗಿ ರಷ್ಯನ್ ಕಲಿತಿದ್ದವರು. ಆ ಭಾಷೆಯಲ್ಲೇ ಎದುರಾಳಿಗಳನ್ನು ಕೆಣಕಿದರು. ಮೊದಲ ನಿಮಿಷಗಳಿಂದಲೇ ಗುದ್ದು, ಒದೆತ. ಗ್ಯಾರ್ಮತಿ ಒಬ್ಬನಿಗೆ ಗುದ್ದಿದ್ದು ಕ್ಯಾಮೆರಾದಲ್ಲೇ ಸೆರೆಯಾಗಿದೆ. ಅವನನ್ನು ಇಷ್ಟಪಡುವ ನಾನು ಅದನ್ನು ಮುಚ್ಚಿಡುವುದಿಲ್ಲ. ಅವತ್ತು ಅವನು ಸಂತನಂತೆ ಆಡಲಿಲ್ಲ. ಹಾಗಂತ ಅವನು ಬರೀ ಗುದ್ದಾಡಿದ ಅಂತಲೂ ಅಲ್ಲ. ಸಿಟ್ಟು ತಲೆಗೇರಿದ ತಂಡ ಸಾಮಾನ್ಯವಾಗಿ ಆಟ ಮರೆಯುತ್ತದೆ. ಹಂಗೇರಿ ಮರೆಯಲಿಲ್ಲ. ನಾಲ್ಕು ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಎರಡು ಗೋಲು ಹೊಡೆದವನು ಜಾದೋರ್.

ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ವಿಶಲ್ ಕೇಳಿತು. ಜಾದೋರ್ ರೆಫರಿ ಕಡೆ ತಿರುಗಿದ. ಪಕ್ಕದಲ್ಲಿದ್ದ ವ್ಯಾಲೆಂಟಿನ್ ಪ್ರೊಕೊಪೊವ್ ನೀರಿನಿಂದ ಎದ್ದು ಮುಖಕ್ಕೆ ಹೊಡೆದ. ರಕ್ತ ನೋಡಿ ಜನ ಕೊಳದ ಅಂಚಿಗೆ ಧುಮುಕಿದರು, ಕೂಗಿದರು, ಉಗಿದರು. ಪೊಲೀಸರು ಬರಬೇಕಾಯಿತು. ಆಟ ಅಲ್ಲಿಗೇ ನಿಂತಿತು.

ಅದೇ ದಿನ, ಅದೇ ಊರಿನಲ್ಲಿ, ಹಾಕಿ ಫೈನಲ್ ಕೂಡ ಇತ್ತು. ಕೈಬೆರಳು ಮುರಿದುಕೊಂಡಿದ್ದ ಬಲ್ಬೀರ್ ಸಿಂಗ್ ನಾಯಕತ್ವದಲ್ಲಿ ಭಾರತ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ನಮ್ಮ ಫುಟ್‌ಬಾಲ್ ತಂಡವೂ ಮೆಲ್ಬರ್ನ್‌ನಲ್ಲಿತ್ತು. ನಾಲ್ಕನೇ ಸ್ಥಾನ ಪಡೆದ ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ನಮ್ಮವರು ಇಷ್ಟು ಹತ್ತಿರದಲ್ಲಿದ್ದರು ಅಂತ ಯೋಚಿಸಿದಾಗ ಇನ್ನೊಂದು ವಿಷಯವೂ ನೆನಪಾಗುತ್ತದೆ. ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 9ರಂದು, ಹಂಗೇರಿಯಿಂದ ಸೋವಿಯತ್ ಸೇನೆ ಹೊರಡಬೇಕು, ಅಲ್ಲಿ ಮುಕ್ತ ಚುನಾವಣೆ ಆಗಬೇಕು ಎಂಬ ನಿರ್ಣಯ ವಿಶ್ವಸಂಸ್ಥೆಗೆ ಬಂದಾಗ ಭಾರತ ಅದಕ್ಕೆ ವಿರುದ್ಧವಾಗಿ ಮತ ಹಾಕಿತ್ತು. ರಾಜತಾಂತ್ರಿಕ ಕಾರಣಗಳು ಏನೇ ಇರಲಿ, ಅದು ಸರಿಯಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಡಿಸೆಂಬರ್ 6ರ ಬಗ್ಗೆ ಸಾವಿರ ಸಲ ಬರೆದಿದ್ದಾರೆ. ಡಿಸೆಂಬರ್ 7ರ ಬಗ್ಗೆ ಯಾಕೆ ಬರೆಯುವುದಿಲ್ಲ? ಚಿನ್ನ ತೀರ್ಮಾನವಾದದ್ದು ಅವತ್ತು. ಎದುರಾಳಿ ಯುಗೊಸ್ಲಾವಿಯಾ. ಜಾದೋರ್ ಆಡುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನ ದಿನದ ಏಟುಗಳು ಉಳಿದವರ ಮೈಮೇಲೂ ಇದ್ದವು. ದ್ವೇಷ ತೀರಿಸಿಕೊಂಡ ಮರುದಿನ ಮೈಯಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ? ರಷ್ಯನ್ನರ ಮೇಲೆ ಗೆದ್ದಾಯಿತು, ಇನ್ನೇನು ಬೇಕು ಅಂತ ಯಾರಿಗಾದರೂ ಅನಿಸಬಹುದು. ಮನೆಯ ಸುದ್ದಿ ಇಲ್ಲ, ಮುಂದೆ ಎಲ್ಲಿಗೆ ಹೋಗಬೇಕು ಗೊತ್ತಿಲ್ಲ. ಅಂಥ ದಿನ ಅವರು ಮತ್ತೆ ನೀರಿಗಿಳಿದರು, 2-1ರಿಂದ ಗೆದ್ದರು. ಆ ಕೊನೆಯ ಸುತ್ತಿನ ಐದು ಪಂದ್ಯಗಳಲ್ಲಿ ಹಂಗೇರಿ ಹೊಡೆದದ್ದು 20 ಗೋಲು, ಬಿಟ್ಟುಕೊಟ್ಟದ್ದು ಬರೀ 3. ಗ್ಯಾರ್ಮತಿಯ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಎರಡನೇ ದಿನ.

ಒಲಿಂಪಿಕ್ಸ್ ಮುಗಿಯಿತು. ಹಂಗೇರಿಯ ಹತ್ತಾರು ಆಟಗಾರರು ಊರಿಗೆ ಹೋಗಲಿಲ್ಲ. ಜಾದೋರ್ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಈಜು ಕೋಚ್ ಆದ. ಅವನ ಕೈಯಲ್ಲಿ ಕಲಿತ ಹುಡುಗರಲ್ಲಿ, ಮುಂದೆ ಈಜಿನಲ್ಲಿ ಒಲಿಂಪಿಕ್ ಚಾಂಪಿಯನ್ ಆದ ಮಾರ್ಕ್ ಸ್ಪಿಟ್ಜ್ ಒಬ್ಬ. ಆದರೆ ಜಾದೋರ್‌ನ ವಾಟರ್ ಪೋಲೊ ಬದುಕು ಮೆಲ್ಬರ್ನ್‌ನಲ್ಲೇ ಮುಗಿದುಹೋಯಿತು. ಗ್ಯಾರ್ಮತಿ ಮತ್ತು ಏವಾ ಸಹ ದೇಶ ಬಿಟ್ಟು ಪಶ್ಚಿಮದಲ್ಲಿ ಸ್ವಲ್ಪ ಕಾಲ ಇದ್ದರು. ಆಮೇಲೆ ವಾಪಸ್ ಬಂದರು. ಏವಾಳ ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳಬೇಕಿತ್ತು.

ಈ ಭಾಗ ಓದುವಾಗಲೆಲ್ಲ ನಾನು ನಿಧಾನವಾಗುತ್ತೇನೆ. ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನ ಹೊರದೇಶದಲ್ಲಿದ್ದಾರೆ. ಕೆಲವರು ಅಪ್ಪ ಅಮ್ಮನಿಗಾಗಿ ಬಂದರು, ಕೆಲವರು ಬರಲಾಗದೆ ಒದ್ದಾಡುತ್ತಿದ್ದಾರೆ. ಯಾರನ್ನೂ ನಾನು ತಪ್ಪು ಅನ್ನುವುದಿಲ್ಲ. ಉಳಿದವರಿಗೂ ನೋವಿದೆ, ಮರಳಿದವರಿಗೂ ಇದೆ. ಆದರೆ ನಮ್ಮ ಮರಳುವಿಕೆಯಲ್ಲಿ ಹೆಚ್ಚೆಂದರೆ ಸಂಬಳ ಹೋಗುತ್ತದೆ, ಮಕ್ಕಳ ಶಾಲೆ ಬದಲಾಗುತ್ತದೆ. ಅವರು ಮರಳಿದ್ದು ಕ್ರಾಂತಿಯ ನಾಯಕರನ್ನು ಜೈಲಿಗೆ ಹಾಕಿ ಗಲ್ಲಿಗೇರಿಸುತ್ತಿದ್ದ ದೇಶಕ್ಕೆ. ಪ್ರಧಾನಿಯಾಗಿದ್ದ ಇಮ್ರೆ ನಾಗಿಯನ್ನೇ 1958ರ ಜೂನ್‌ನಲ್ಲಿ ನೇಣು ಹಾಕಿದರು. ಅಂಥ ಊರಿಗೆ ಬಂದು ಗ್ಯಾರ್ಮತಿ ಮತ್ತೆ ತರಬೇತಿ ಶುರು ಮಾಡಿದ.

1960ರ ರೋಮ್‌ನಲ್ಲಿ ಇಟಲಿಗೆ ಚಿನ್ನ, ಸೋವಿಯತ್‌ಗೆ ಬೆಳ್ಳಿ, ಹಂಗೇರಿಗೆ ಕಂಚು. 1932ರಿಂದ ಚಿನ್ನ ಅಥವಾ ಬೆಳ್ಳಿ ಬಿಟ್ಟು ಬೇರೇನೂ ನೋಡದ ದೇಶಕ್ಕೆ ಕಂಚು ಸೋಲಿನ ಹಾಗೆಯೇ ಕಂಡಿರಬೇಕು. ಗ್ಯಾರ್ಮತಿಗೆ ಆಗ 32. ನಿಲ್ಲಿಸಬಹುದಿತ್ತು, ಅಲ್ವಾ? ನಿಲ್ಲಿಸಲಿಲ್ಲ. 1962ರಲ್ಲಿ ಲೈಪ್‌ಜಿಗ್‌ನಲ್ಲಿ ಮತ್ತೆ ಯುರೋಪಿಯನ್ ಚಾಂಪಿಯನ್.

1964ರ ಟೋಕಿಯೊ. ವಯಸ್ಸು 37 ಮುಟ್ಟಲು ಕೆಲವೇ ದಿನ ಬಾಕಿ. ಹೆಲ್ಸಿಂಕಿಯಿಂದ ಜೊತೆಗಿದ್ದ ಗ್ಯೋರ್ಗಿ ಕಾರ್ಪಾತಿ ಅಲ್ಲೂ ಇದ್ದ. ಉಳಿದವರಲ್ಲಿ ಹಲವರು ಗ್ಯಾರ್ಮತಿ ಮೊದಲ ಪದಕ ಗೆದ್ದಾಗ ಪುಟ್ಟ ಮಕ್ಕಳಾಗಿದ್ದವರು. ಯುಗೊಸ್ಲಾವಿಯಾ ಜೊತೆ 4-4 ಸಮ. ಹಾಗಾಗಿ ಚಿನ್ನ ಗೋಲುಗಳ ಲೆಕ್ಕದ ಮೇಲೆ ನಿಂತಿತು. ಕೊನೆಯ ಪಂದ್ಯ ಯಾರ ಜೊತೆ ಗೊತ್ತಾ? ಸೋವಿಯತ್ ಒಕ್ಕೂಟದ ಜೊತೆ. ಸುಮ್ನೆ ಗೆದ್ದರೆ ಸಾಲದು, ಒಳ್ಳೆಯ ಅಂತರದಲ್ಲಿ ಗೆಲ್ಲಬೇಕು. ಹಂಗೇರಿ 5-2ರಿಂದ ಗೆದ್ದಿತು. ಗೋಲು ಸರಾಸರಿಯಲ್ಲಿ ಯುಗೊಸ್ಲಾವಿಯಾವನ್ನು ಹಿಂದೆ ಹಾಕಿ ಚಿನ್ನ ತೆಗೆದುಕೊಂಡಿತು. ಎಂಟು ವರ್ಷದ ಹಿಂದಿನ ಅದೇ ಎರಡು ದೇಶಗಳು, ಅದೇ ಆಟ. ಈ ಸಲ ಯಾರ ಮುಖವೂ ಪತ್ರಿಕೆಗಳ ಮುಖಪುಟದಲ್ಲಿ ರಕ್ತ ಸುರಿಸಲಿಲ್ಲ. ಹಾಗಾಗಿ ಇದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನನಗೆ ಕೇಳಿದರೆ ಹಂಗೇರಿ ಸೋವಿಯತ್ ಮೇಲೆ ಗೆದ್ದ ದೊಡ್ಡ ಗೆಲುವು ಇದೇ. ಇದರಲ್ಲಿ ಸಿಟ್ಟಿನ ಬೆಂಬಲ ಇರಲಿಲ್ಲ, ಪ್ರೇಕ್ಷಕರ ಕೂಗಿನ ಬೆಂಬಲವೂ ಅಷ್ಟು ಇರಲಿಲ್ಲ. ಬರೀ ಆಟ.

ದೇಶಕ್ಕಾಗಿ 108 ಪಂದ್ಯ ಆಡಿ ಅವನು ನೀರಿನಿಂದ ಮೇಲೆ ಬಂದ. ಆಮೇಲೆ ಕೋಚ್ ಆದ. 1972ರ ಮ್ಯೂನಿಕ್‌ನಲ್ಲಿ ಅವನ ತಂಡಕ್ಕೆ ಬೆಳ್ಳಿ. ಅದೇ ಮ್ಯೂನಿಕ್‌ನಲ್ಲಿ ಮಗಳು ಆಂಡ್ರಿಯಾ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿ, 100 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದಳು. ಮೆಲ್ಬರ್ನ್‌ನಲ್ಲಿದ್ದಾಗ ಅಪ್ಪ ಅಮ್ಮ ಯಾರಿಗಾಗಿ ನಿದ್ದೆಗೆಟ್ಟಿದ್ದರೋ ಅದೇ ಮಗು. ಮುಂದೆ ಅವಳು ಮಕ್ಕಳ ಡಾಕ್ಟರ್ ಆದಳು. 1973ರಲ್ಲಿ ಬೆಲ್‌ಗ್ರೇಡ್‌ನಲ್ಲಿ ವಾಟರ್ ಪೋಲೊದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗೆದ್ದದ್ದು ಗ್ಯಾರ್ಮತಿಯ ಹಂಗೇರಿ. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಚಿನ್ನ, 1980ರ ಮಾಸ್ಕೋದಲ್ಲಿ ಕಂಚು.

ಮಾಂಟ್ರಿಯಲ್ ತಂಡದಲ್ಲಿ ಇಷ್ಟವಾನ್ ಸಿವೋಶ್ ಎಂಬ ಆಟಗಾರ ಇದ್ದ. ಅವನ ಅಪ್ಪನ ಹೆಸರೂ ಇಷ್ಟವಾನ್ ಸಿವೋಶ್, ಹೆಲ್ಸಿಂಕಿ ಮತ್ತು ಮೆಲ್ಬರ್ನ್‌ನಲ್ಲಿ ಗ್ಯಾರ್ಮತಿ ಜೊತೆ ಚಿನ್ನ ಗೆದ್ದವನು. ಅಪ್ಪನ ಜೊತೆ ಆಡಿದ ಗ್ಯಾರ್ಮತಿ ಮಗನಿಗೆ ಕೋಚ್ ಆಗಿ ಚಿನ್ನ ಗೆಲ್ಲಿಸಿದ. ಆ ಮಗನ ಮಗ ಮಾರ್ಟನ್ ಕೂಡ ಅದೇ ಆಟಕ್ಕೆ ಬಂದ. 2013ರ ಆಗಸ್ಟ್ ಮೊದಲ ವಾರ ಬಾರ್ಸಿಲೋನಾದಲ್ಲಿ ಹಂಗೇರಿ ವಿಶ್ವ ಚಾಂಪಿಯನ್ ಆದಾಗ ಮಾರ್ಟನ್ ಸಿವೋಶ್ ಆ ತಂಡದಲ್ಲಿದ್ದ. ಗ್ಯಾರ್ಮತಿ ತೀರಿಕೊಂಡದ್ದು ಅದೇ ತಿಂಗಳ 18ರಂದು, ಬುಡಾಪೆಸ್ಟ್‌ನಲ್ಲಿ, 85ನೇ ವಯಸ್ಸಿನಲ್ಲಿ.